ಮಳೆಗಾಲಕ್ಕೆ ಬಿಟ್ಟ ತುಪ್ಪ

ಮೇ ತಿಂಗಳ ಕೊನೆಯ ಭಾನುವಾರ. ರೋಹಿಣಿ ಮಳೆ ಹುಟ್ಟಿ ಎರಡು ಮೂರು ದಿನವಾಗಿತ್ತು, ಹನಿ ಮಾತ್ರ ಬಿದ್ದಿರಲಿಲ್ಲ. ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ಸರಿದರೆ ಸಿಗುವ ಮಾವಿನ ತೋಪೊಂದರ ಅಂಚಿನಲ್ಲಿ, ಹೊಂಗೆಯ ನೆರಳಲ್ಲಿ ಮೂವರು ಕೂತಿದ್ದರು. ಒಬ್ಬಾಕೆ ತೋಪಿನ ಒಡತಿ. ಐವತ್ತು ದಾಟಿದ ಹೆಂಗಸು, ಹನ್ನೆರಡು ಪೆಟ್ಟಿಗೆಗಳಲ್ಲಿ ತುಡುವೆ ಜೇನು ಸಾಕಿದ್ದಾಳೆ. ಇನ್ನೊಬ್ಬ ಊರಿಗಾಂನಿಂದ ಬಂದ ಯುವಕ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುವ ಸಾವಿರಾರು ಕೆಜಿಎಫ್ ಜನರಲ್ಲಿ ಅವನೂ ಒಬ್ಬ. ಮೂರನೆಯವರು ಅವನ ತಂದೆ. ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ದುಡಿದು, 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡವರು.

ಯುವಕ ಎರಡು ಖಾಲಿ ಬಾಟಲಿ ತಂದಿದ್ದ.

"ಬೇಸಿಗೆ ಮುಗೀತಾ ಬಂತು. ಪೆಟ್ಟಿಗೆಯೆಲ್ಲ ತುಂಬಿರಬೇಕಲ್ಲ?" ಎಂದು ಕೇಳಿದ.

"ತುಂಬೈತೆ. ಆದ್ರೆ ನಿಂಗೆ ಕೊಡೋದು ಒಂದೇ ಬಾಟ್ಲಿ."

"ತುಂಬಿರೋದನ್ನ ಯಾಕೆ ಬಿಡ್ಬೇಕು? ಇನ್ನೇನು ಮಳೆ ಶುರುವಾಗುತ್ತೆ, ಊರೆಲ್ಲ ಹಸಿರಾಗುತ್ತೆ. ಜೇನು ಮತ್ತೆ ಕೂಡಿಡುತ್ತೆ."

ಆಕೆ ತಲೆಯಾಡಿಸಿದಳು. "ಹಸಿರಾಗೋದು ನಿನ್ನ ಕಣ್ಣಿಗೆ ಕಣಪ್ಪ. ಹುಲ್ಲು ತಿನ್ನೋ ಹಸುವಿಗೆ ಮಳೆಗಾಲ ಹಬ್ಬ. ಜೇನಿಗೆ ಅದೇ ಬರಗಾಲ."

ಯುವಕ ನಂಬಲಿಲ್ಲ. ಕೋಲಾರ ಸೀಮೆಯಲ್ಲಿ ಹುಟ್ಟಿದವನಿಗೆ ಬರ ಎಂದರೆ ಬೇಸಿಗೆ; ಬತ್ತಿದ ಕೆರೆ, ಟ್ಯಾಂಕರ್ ನೀರು, ಸಾವಿರ ಅಡಿ ಮುಟ್ಟಿದ ಕೊಳವೆಬಾವಿ. ಏಪ್ರಿಲ್ ಬಿಸಿಲಲ್ಲಿ ಹಬ್ಬ ಮಾಡಿ ಜುಲೈ ತಿಂಗಳ ತಂಪಿನಲ್ಲಿ ಹಸಿಯುವ ಜೀವ ಒಂದಿದೆ ಎಂದರೆ ಯಾರಿಗಾದರೂ ತಲೆಕೆಳಗಾದ ಮಾತಾಗಿ ಕೇಳುತ್ತದೆ. ಆದರೆ ಮರಗಳ ಪಂಚಾಂಗ ನೋಡಿದರೆ ಆಕೆಯ ಮಾತಿನ ಹುರುಳು ತಿಳಿಯುತ್ತದೆ. ಈ ಒಣ ಬಯಲಿನ ದೊಡ್ಡ ಮರಗಳು ಹೂವಿಡುವುದು ಬಿಸಿಲಿಗೇ. ಮಾಗಿ ಚಳಿ ಕಳೆಯುವ ಹೊತ್ತಿಗೆ ಮಾವು, ಯುಗಾದಿ ಸುಮಾರಿಗೆ ಬೇವು ಮತ್ತು ಹೊಂಗೆ, ಆಮೇಲೆ ನೇರಳೆ, ಮೇ ಕೊನೆಗೆ ಹುಣಸೆ. ಆಳಕ್ಕೆ ಬೇರಿಳಿಸಿದ ಮರಕ್ಕೆ ಬೇಸಿಗೆಯಲ್ಲೂ ಹೂವಿಡುವ ಶಕ್ತಿ ಇರುತ್ತದೆ. ಮಳೆ ಹಿಡಿದ ಮೇಲೆ ಆ ಮರಗಳು ಕಾಯಿ ಕಟ್ಟುವುದರಲ್ಲೋ ಚಿಗುರಿನಲ್ಲೋ ಮುಳುಗಿರುತ್ತವೆ. ಅರಳಿದ ಅಷ್ಟಿಷ್ಟು ಹೂವಿನ ಮಕರಂದವನ್ನೂ ಮಳೆ ತೆಳುವಾಗಿಸುತ್ತದೆ, ಪರಾಗವನ್ನು ತೊಳೆದುಬಿಡುತ್ತದೆ. ಹನಿಯುವ ದಿನ ಜೇನು ಗೂಡು ಬಿಟ್ಟು ಹೊರಡುವುದೂ ಇಲ್ಲ.

"ಹಂಗಾಗಿ ಈಗ ನಾನು ಎಷ್ಟು ಬಿಡ್ತೀನೋ ಅಷ್ಟರಲ್ಲೇ ಅವು ಶ್ರಾವಣ ಕಳೀಬೇಕು" ಎಂದಳು ಆಕೆ. "ಎಲ್ಲಾ ಬಳ್ಕೊಂಡ್ರೆ ಒಂದಿನ ಬೆಳಗ್ಗೆ ಬಂದು ನೋಡ್ದಾಗ ಪೆಟ್ಟಿಗೆ ಖಾಲಿ ಇರ್ತೈತೆ. ತುಡುವೆ ಸ್ವಾಭಿಮಾನಿ. ಹಸಿವಾದ್ರೆ ಬೇಡೋದಿಲ್ಲ, ಎದ್ದು ಹೋಗ್ತೈತೆ."

ಆಕೆ ಎದ್ದು ಹೊಗೆತಿದಿಗೆ ತೆಂಗಿನ ನಾರು ತುಂಬಿ ಹೊತ್ತಿಸಿದಳು. ಹತ್ತಿರದ ಪೆಟ್ಟಿಗೆ ನಾಲ್ಕು ಕಾಲಿನ ಕಬ್ಬಿಣದ ನಿಲುವಿನ ಮೇಲಿತ್ತು. ಇರುವೆ ಹತ್ತದಂತೆ ಪ್ರತಿ ಕಾಲಿಗೂ ನೀರಿನ ಬಟ್ಟಲು. ಬೇರೆ ಕಡೆ ಮುಖ ಮಾಡಿ ನಿಂತು, ಬಾಗಿಲ ಬಳಿ ಎರಡೇ ಸಲ ಹೊಗೆ ಊದಿದಳು.

"ಇದಕ್ಕೆ ನ್ಯೂಟನ್ ಪೆಟ್ಟಿಗೆ ಅಂತಾರೆ."

"ಸೇಬಿನ ಹಣ್ಣಿನ ನ್ಯೂಟನ್ನಾ?"

"ಅಲ್ಲ. ತಿರುಚ್ಚಿಯಲ್ಲಿದ್ದ ಒಬ್ಬ ಪಾದ್ರಿ."

ಹೆಸರಷ್ಟೇ ಒಂದು. ಈ ನ್ಯೂಟನ್ ಜೆಸ್ಯೂಟ್ ಪಾದ್ರಿ. 1910ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ನಮ್ಮ ತುಡುವೆಯ ಮೈಕಟ್ಟಿಗೆ ಒಪ್ಪುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು. ಅದಕ್ಕೂ ಆರು ದಶಕ ಮೊದಲು, 1851ರಲ್ಲಿ, ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಇನ್ನೊಬ್ಬ ಪಾದ್ರಿ ಒಂದು ಸಣ್ಣ ಸತ್ಯದ ಬಲದಿಂದ ಜೇನು ಸಾಕಣೆಯ ದಿಕ್ಕನ್ನೇ ತಿರುಗಿಸಿದ್ದರು. ಎರಿಗಳ ನಡುವೆ ನೊಣ ಓಡಾಡುವಷ್ಟೇ ಸಂದು ಬಿಟ್ಟರೆ ಅವು ಅಲ್ಲಿ ಮೇಣ ತುಂಬುವುದಿಲ್ಲ. ಚೌಕಟ್ಟನ್ನು ಪುಸ್ತಕದ ಹಾಳೆಯಂತೆ ಎತ್ತಿ ನೋಡಿ ಮತ್ತೆ ಇಡಬಹುದು. ಗೂಡು ಒಡೆಯದೆ, ಮರಿಯನ್ನು ಕೊಲ್ಲದೆ ತುಪ್ಪ ತೆಗೆಯಲು ದಾರಿಯಾದದ್ದು ಹೀಗೆ. 1865ರಲ್ಲಿ ಎರಿಯನ್ನು ತಿರುಗಿಸಿ ತುಪ್ಪ ಚಿಮ್ಮಿಸುವ ಯಂತ್ರ ಬಂದ ಮೇಲೆ ಮೇಣದ ಎರಿಯನ್ನೂ ಜೇನಿಗೆ ಮರಳಿಸುವುದು ಸಾಧ್ಯವಾಯಿತು.

ಪೆಟ್ಟಿಗೆಯ ಕೆಳಮನೆ ಸಂಸಾರ ಕೋಣೆ. ರಾಣಿ, ಮೊಟ್ಟೆ, ಮರಿ ಎಲ್ಲ ಅಲ್ಲಿ. ಮೇಲಿನದು ತುಪ್ಪದ ಕೋಣೆ. "ಕೆಳಮನೆಗೆ ನಾನು ಕೈ ಹಾಕೋದಿಲ್ಲ. ಅದು ಅವರ ಅಡುಗೆಮನೆ, ಬಾಣಂತಿ ಕೋಣೆ ಎರಡೂ" ಎಂದಳು ಆಕೆ.

ಇಷ್ಟು ಹೊತ್ತು ಸುಮ್ಮನಿದ್ದ ಹಿರಿಯರು ಪೆಟ್ಟಿಗೆಯ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಾಗಿಲ ಹಲಗೆಯ ಮೇಲೆ ಹತ್ತಾರು ನೊಣಗಳು ಸಾಲಾಗಿ, ಹೊರಕ್ಕೆ ಮುಖ ಮಾಡಿ ನಿಂತು, ಹಾರದೆ ರೆಕ್ಕೆ ಬಡಿಯುತ್ತಿದ್ದವು.

"ಇವು ಏನು ಮಾಡ್ತಿವೆ?"

"ಗಾಳಿ ಹಾಕ್ತಾವೆ. ಒಳಗೆ ಮರಿ ಇರೋ ಕಡೆ ಸೆಕೆ ಏರಬಾರದು, ಇಳೀಲೂಬಾರದು."

"ಗಾಳಿ ಒಳಕ್ಕೋ, ಹೊರಕ್ಕೋ?"

ಆಕೆಗೆ ಈ ಪ್ರಶ್ನೆಯನ್ನು ಹಿಂದೆ ಯಾರೂ ಕೇಳಿರಲಿಲ್ಲ. ಹಿರಿಯರೇ ಒಂದು ಒಣ ಹುಲ್ಲಿನ ಎಳೆ ಹಿಡಿದು ನೋಡಿದರು. ಎಳೆ ಒಳಕ್ಕೆ ವಾಲಿತು.

"ಒಳಕ್ಕೆ ತಳ್ತಿವೆ" ಎಂದರು. ಅವರ ಮುಖ ಅರಳಿತ್ತು. "ನಮ್ಮ ಗಣಿಯಲ್ಲೂ ಇದೇ ಲೆಕ್ಕ. ಒಂದು ಶಾಫ್ಟಿನಲ್ಲಿ ಗಾಳಿ ಇಳೀಬೇಕು, ಇನ್ನೊಂದರಲ್ಲಿ ಏರಬೇಕು. ಫ್ಯಾನು ತಳ್ಳೋದಾ, ಎಳೆಯೋದಾ ಅಂತ ಮೊದಲು ಕೇಳ್ತಿದ್ದೆವು. ಗಾಳಿ ನಿಂತ್ರೆ ಮನುಷ್ಯ ನಿಂತ ಹಾಗೇನೇ."

ಅವರು ಕಂಡದ್ದು ಸರಿ. ತುಡುವೆ ಬಾಗಿಲಲ್ಲಿ ಹೊರಮುಖವಾಗಿ ನಿಂತು ಗಾಳಿಯನ್ನು ಗೂಡಿನೊಳಕ್ಕೆ ತಳ್ಳುತ್ತದೆ. ಯುರೋಪಿನ ಮೆಲ್ಲಿಫೆರಾ ಜೇನು ಒಳಮುಖವಾಗಿ ನಿಂತು ಗಾಳಿಯನ್ನು ಹೊರಕ್ಕೆ ಹಾಕುತ್ತದೆ. ಎರಡೂ ಬಗೆಯಲ್ಲಿ ಸಾಧಿಸುವುದು ಒಂದೇ: ಮರಿಗಳಿರುವ ಎರಿಯ ಬಿಸುಪನ್ನು 34–35 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುವುದು. ಚಾಂಪಿಯನ್ ರೀಫ್ ನೆಲದಡಿ ಮೂರು ಕಿಲೋಮೀಟರ್ ದಾಟಿದ ಗಣಿ. ಕೆಳಗಿನ ಹಂತಗಳಲ್ಲಿ ಬಂಡೆಯ ಬಿಸುಪು 60 ಡಿಗ್ರಿಗಿಂತ ಹೆಚ್ಚು. ಯಂತ್ರದಲ್ಲಿ ತಂಪು ಮಾಡಿದ ಗಾಳಿಯನ್ನು ಕೊಳವೆಯಲ್ಲಿ ಇಳಿಸಿದರಷ್ಟೇ ಅಲ್ಲಿ ಕೆಲಸ ಸಾಗುತ್ತಿತ್ತು. ಆ ಸೆಕೆಯಲ್ಲಿ ವರ್ಷಗಟ್ಟಲೆ ನಿಂತ ಮನುಷ್ಯನಿಗೆ ಜೇನುಗೂಡಿನಲ್ಲಿ ಮೊದಲು ಕಂಡದ್ದು ತುಪ್ಪವಲ್ಲ, ಗಾಳಿಯ ದಾರಿ. ಬಂಗಾರದ ಊರಿಗೂ ಜೇನಿಗೂ ಬಣ್ಣದ ನಂಟು ಹಚ್ಚುವುದು ಸುಲಭ. ಈ ನಂಟು ಅದಕ್ಕಿಂತ ಗಟ್ಟಿ.

"ಗಾಳಿ ಒಂದೇ ಸಾಕಾಗುತ್ತಾ?" ಎಂದು ಮಗ ಕೇಳಿದ.

"ಸಾಲಲ್ಲ. ನೀರು ಬೇಕು" ಎಂದಳು ಆಕೆ. ಪೆಟ್ಟಿಗೆಗಳಿಂದ ಹತ್ತು ಹೆಜ್ಜೆ ದೂರದಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆ, ಅದರ ತುಂಬ ಬೆಣಚುಕಲ್ಲು, ಕಲ್ಲಿನ ನೆತ್ತಿ ಮುಳುಗದಷ್ಟು ನೀರು. ಕಲ್ಲುಗಳ ಮೇಲೆ ನೊಣಗಳು ಕೂತು ಹೀರುತ್ತಿದ್ದವು. "ಕಲ್ಲಿಲ್ದಿದ್ರೆ ಮುಳುಗಿ ಸಾಯ್ತಾವೆ. ನೀರು ತಗೊಂಡೋಗಿ ಎರಿ ಮೇಲೆ ತೆಳ್ಳಗೆ ಸವರ್ತಾವೆ, ಆಮೇಲೆ ಗಾಳಿ ಹಾಕ್ತಾವೆ. ಮಡಕೆ ನೀರು ತಣ್ಣಗಾಗಲ್ವಾ, ಅದೇ ಥರ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ತುಂಬಿಸ್ತೀನಿ. ನೆರಳೂ ಬೇಕು. ಬಟ್ಟ ಬಯಲಲ್ಲಿ ಪೆಟ್ಟಿಗೆ ಇಟ್ರೆ ಮೇಣವೇ ಕರಗಿ ಜಾರ್ತೈತೆ."

ಯುವಕ ತನ್ನ ಮನಸ್ಸಿನಲ್ಲಿದ್ದುದನ್ನು ಆಗ ಹೊರಗೆ ಹಾಕಿದ. ಅವನಿಗೆ ಊರಿಗಾಂನಲ್ಲೇ ನಾಲ್ಕು ಪೆಟ್ಟಿಗೆ ಇಡುವ ಆಸೆ. ಇಲ್ಲವೇ ಕೋಲಾರದ ಬಳಿ ಟೊಮೆಟೊ ಬೆಳೆಯುವ ಸ್ನೇಹಿತನ ಹೊಲದಲ್ಲಿ. "ಎಕರೆಗಟ್ಟಲೆ ಹೂವು ಅಲ್ಲಿ. ಕೋಲಾರದ ಮಾರುಕಟ್ಟೆಯಷ್ಟು ಟೊಮೆಟೊ ಇನ್ನೆಲ್ಲಿ ಬರುತ್ತೆ!"

"ಟೊಮೆಟೊ ಹೂವಲ್ಲಿ ಮಕರಂದ ಇಲ್ಲ."

"ಇಲ್ಲವೇ ಇಲ್ವಾ?"

"ಒಂದು ತೊಟ್ಟೂ ಇಲ್ಲ."

ಇದನ್ನು ಕೇಳಿ ತಂದೆ ಮಗ ಇಬ್ಬರೂ ಅವಾಕ್ಕಾದರು. ಟೊಮೆಟೊ ಹೂ ಕೊಡುವುದು ಪರಾಗವನ್ನಷ್ಟೇ. ಅದೂ ಉಪ್ಪಿನ ಡಬ್ಬಿಯಂಥ ಕೇಸರದ ಒಳಗೆ. ಹೂವನ್ನು ಹಿಡಿದು ಗುಂಯ್ ಎಂದು ಮೈ ನಡುಗಿಸಬಲ್ಲ ಒಂಟಿ ದುಂಬಿಗಳಿಗೆ ಅದು ಉದುರುತ್ತದೆ, ತುಡುವೆಗೆ ಆ ವಿದ್ಯೆ ಬಾರದು. ಕೋಲಾರ ಜಿಲ್ಲೆಯ ಹೆಸರು ಎತ್ತಿದರೆ ಜನ ಹೇಳುವುದು ರೇಷ್ಮೆ, ಹಾಲು, ಟೊಮೆಟೊ, ಮಾವು. ರೇಷ್ಮೆಯ ಹಿಪ್ಪುನೇರಳೆ ಗಾಳಿಯಿಂದ ಪರಾಗಸ್ಪರ್ಶ ಪಡೆಯುವ ಗಿಡ, ಅದರಲ್ಲೂ ಮಕರಂದವಿಲ್ಲ. ಹೂ ಬರುವ ಮೊದಲೇ ಸೊಪ್ಪಿಗಾಗಿ ಕತ್ತರಿಸುತ್ತಾರೆ. ರಾಗಿಯೂ ಜೇನನ್ನು ಕರೆಯುವ ಬೆಳೆಯಲ್ಲ. ಉಳಿಯುವುದು ಮಾವು. ಅದಕ್ಕೆ ಹೂ ಬಿಟ್ಟಾಗಲೇ ಜಿಗಿಹುಳುವಿನ ಹೆಸರಲ್ಲಿ ಔಷಧಿ ಹೊಡೆಯುತ್ತಾರೆ.

"ಪಕ್ಕದ ತೋಪಿನೋರಿಗೆ ಕೈ ಮುಗಿದು ಕೇಳ್ಕೊಂಡಿದೀನಿ" ಎಂದಳು ಆಕೆ. "ಹೊಡೀಲೇಬೇಕು ಅಂದ್ರೆ ಹೂ ಅರಳೋಕೆ ಮುಂಚೆ ಹೊಡೀರಿ, ಇಲ್ಲಾಂದ್ರೆ ಜೇನು ಗೂಡು ಸೇರಿದ ಮೇಲೆ, ಸಂಜೆ. ಹಿಂದಿನ ದಿನ ನಂಗೆ ಹೇಳಿ, ಬಾಗಿಲಿಗೆ ಜಾಲರಿ ಕಟ್ತೀನಿ. ಒಂದು ವರ್ಷ ಯಾರೋ ಬೆಳಗ್ಗೆ ಹತ್ತು ಗಂಟೆಗೆ ಹೊಡೆದ್ರು. ಸಾಯಂಕಾಲ ಪೆಟ್ಟಿಗೆ ಮುಂದೆ ಮೊರದಲ್ಲಿ ತುಂಬೋ ಅಷ್ಟು ನೊಣ ಸತ್ತು ಬಿದ್ದಿತ್ತು."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾತು ಮತ್ತೆ ಶುರುವಾದಾಗ ಅದು ಹುಚ್ಚೆಳ್ಳಿನ ಕಡೆ ತಿರುಗಿತ್ತು. ಆಕೆಯ ಅತ್ತೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು: ಅವರೆ, ತೊಗರಿ, ಜೋಳ, ಸಾಸಿವೆ, ಹುಚ್ಚೆಳ್ಳು. ಮಳೆ ಹಿಂದಾಗುವ ಹೊತ್ತಿಗೆ ಹುಚ್ಚೆಳ್ಳಿನ ಹಳದಿ ಹೂ ಹೊಲದ ತುಂಬ. ಹಸಿದ ಜೇನಿಗೆ ಮಳೆಗಾಲ ಕಳೆದ ಮೇಲೆ ಸಿಗುವ ಮೊದಲ ಊಟ ಅದು. ಹುಚ್ಚೆಳ್ಳಿಗೂ ಜೇನು ಬೇಕು. ತನ್ನದೇ ಪರಾಗದಿಂದ ಅದು ಕಾಳು ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವನ್ನು ಯಾರಾದರೂ ಹೊತ್ತು ತರಬೇಕು. ಅಕ್ಕಡಿ ಸಾಲು ಹೋದ ಕಡೆಯೆಲ್ಲ ಈ ಕೊಡುಕೊಳ್ಳುವಿಕೆಯೂ ಕಡಿದು ಹೋಗಿದೆ. ರಾಗಿ ಬಿಟ್ಟು ನೀಲಗಿರಿ ನೆಟ್ಟ ಹೊಲಗಳಲ್ಲಂತೂ ಹುಚ್ಚೆಳ್ಳು ಎಂಬ ಹೆಸರೇ ಮರೆತಿದೆ.

"ನೀಲಗಿರಿ ಹೂವಲ್ಲಿ ಜೇನು ಸಿಗಲ್ವಾ?" ಯುವಕ ಕೇಳಿದ.

"ಸಿಗ್ತೈತೆ, ಚೆನ್ನಾಗೇ ಸಿಗ್ತೈತೆ. ಸುಳ್ಳು ಹೇಳಬಾರದು. ಆದ್ರೆ ನೀರು ಕುಡಿದುಬಿಟ್ಟು ಜೇನು ಕೊಟ್ರೆ ಏನು ಬಂತು?"

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ ಜಿಲ್ಲೆಯ ರೈತರ ಹೊಲಗಳಿಗೆ ನೀಲಗಿರಿ ನುಗ್ಗಿತು. ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ನಡುವಿನ ಮೂರು ದಶಕದಲ್ಲಿ ಕಳೆದುಹೋದ ಗುಂಡುತೋಪುಗಳ ಲೆಕ್ಕ ಯಾವ ನಿಷೇಧದಿಂದಲೂ ತುಂಬುವಂಥದ್ದಲ್ಲ. ಊರಿನ ಹೊರಗೆ ಹುಣಸೆ, ಹೊಂಗೆ, ಮಾವು, ನೇರಳೆ ಒಟ್ಟಾಗಿ ನಿಂತಿರುತ್ತಿದ್ದ ಗುಂಡುತೋಪು ದಾರಿಹೋಕರಿಗೆ ನೆರಳಾದಂತೆ ಜೇನಿಗೆ ಐದು ತಿಂಗಳ ಸಾಲುಭೋಜನ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅದು ಉಳಿದದ್ದು ಸಂತೋಷ. ಅದರ ಹಾಗೆ ಹೆಸರು ಸಿಗದ ನೂರು ತೋಪುಗಳೂ ಜೇನಿಗೆ ಅಷ್ಟೇ ಮುಖ್ಯವಾಗಿದ್ದವು.

"ನೀನು ಊರಿಗಾಂನಲ್ಲಿ ಪೆಟ್ಟಿಗೆ ಇಡೋಕೆ ಮುಂಚೆ ಮರ ಎಣಿಸು" ಎಂದಳು ಆಕೆ. "ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಹೊಂಗೆ ಎಷ್ಟು, ಬೇವು ಎಷ್ಟು, ಹುಣಸೆ ಎಷ್ಟು. ತುಡುವೆ ದೂರ ಹೋಗೋ ಜಾತಿಯಲ್ಲ."

ದೂರ ಹೋಗದು ಎಂಬುದಕ್ಕೆ ಜೇನೇ ಸಾಕ್ಷಿ ಹೇಳುತ್ತದೆ. ಹೂವಿನ ನೆಲೆ ಕಂಡು ಬಂದ ನೊಣ ಎರಿಯ ಮೇಲೆ ಕುಣಿದು ದಿಕ್ಕು ಮತ್ತು ದೂರ ತಿಳಿಸುತ್ತದೆ. ಈ ನೃತ್ಯದ ಗುಟ್ಟು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಹಂಚಿಕೊಂಡರು. ಬೆಂಗಳೂರಿನಲ್ಲಿ ತುಡುವೆ, ಕೋಲುಜೇನು, ಹೆಜ್ಜೇನು ಮೂರರ ನೃತ್ಯವನ್ನೂ ಒಟ್ಟಿಗೆ ಅಳೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದೇ ದೂರವನ್ನು ಹೇಳಲು ತುಡುವೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕುಣಿಯಿತು, ಹೆಜ್ಜೇನು ಎಲ್ಲಕ್ಕಿಂತ ಕಡಿಮೆ. ಹತ್ತಿರದಲ್ಲೇ ಮೇಯುವ ಜೇನಿಗೆ ಹತ್ತಿರದ ಜಾಗಗಳನ್ನು ನಿಖರವಾಗಿ ಬಿಡಿಸಿ ಹೇಳಬೇಕಾಗುತ್ತದೆ. ದೂರದ ಪಯಣಿಗ ಹೆಜ್ಜೇನು ಪ್ರತಿ ಫರ್ಲಾಂಗಿಗೂ ಅಷ್ಟು ಹೊತ್ತು ಕುಣಿದರೆ ದಿನವೇ ಮುಗಿದೀತು. ತುಡುವೆ ಎಂದರೆ ಓಣಿಯ ಸುದ್ದಿಯನ್ನು ಮನೆ ಮನೆ ಹೆಸರು ಹಿಡಿದು ಹೇಳುವ ಊರಿನ ಅಜ್ಜಿ.

ಹೆಜ್ಜೇನಿನ ಹೆಸರು ಬಂದದ್ದೇ ಹಿರಿಯರು ನೇರವಾಗಿ ಕೂತರು.

"ನಮ್ಮ ಗಣಿ ಕಾರ್ಮಿಕರ ಲೈನಿನ ಮನೆಗಳ ಹತ್ತಿರ ನೀರಿನ ಟ್ಯಾಂಕಿತ್ತು. ಚಳಿಗಾಲದಲ್ಲಿ ಬಂದು ಕಟ್ಟೋವು, ಮೊರದಷ್ಟು ಅಗಲ. ಮಳೆ ಬರೋ ಹೊತ್ತಿಗೆ ಒಂದೂ ಇರ್ತಿರಲಿಲ್ಲ. ಎಲ್ಲಿಗೆ ಹೋಗ್ತಿದ್ದವೋ! ಒಂದು ಸಲ ಹುಡುಗರು ರಾತ್ರಿ ಪಂಜು ಹಿಡಿದು ಸುಟ್ಟರು. ಬೆಳಗ್ಗೆ ನೋಡಿದ್ರೆ ನೆಲವೆಲ್ಲ ಕಪ್ಪು. ಎರಡು ಡಬ್ಬ ತೇನು ಸಿಕ್ಕಿತು. ಮುಂದಿನ ವರ್ಷ ಅವು ಅಲ್ಲಿಗೆ ಬರಲಿಲ್ಲ."

ತಮಿಳಿನಲ್ಲಿ ತೇನ್, ತೆಲುಗಿನಲ್ಲಿ ತೇನೆ, ಕನ್ನಡದಲ್ಲಿ ಜೇನು. ಒಂದೇ ಬೇರಿನ ಮೂರು ಚಿಗುರು. ಮೂರೂ ಒಂದೇ ಬೀದಿಯಲ್ಲಿ ಕೇಳುವ ಊರು ಕೆಜಿಎಫ್. ಅಲ್ಲಿ ಹುಟ್ಟಿ ಬೆಳೆದವರ ಮಾತಿನಲ್ಲಿ ಇವು ಬೆರೆತು ಬರುವುದು ಸಹಜ.

ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಎತ್ತರದ ಕೊಂಬೆ, ಬಂಡೆಯ ಮಡಿಲು, ನೀರಿನ ಟ್ಯಾಂಕು ಬೇಕು ಅದಕ್ಕೆ. ಹೂವಿನ ಕಾಲ ಹಿಡಿದು ಊರೂರು ಅಲೆಯುತ್ತದೆ. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದಲ್ಲಿ ಒಂದು ಹಳೆಯ ಆಲದ ಮರಕ್ಕೆ ನೂರಾರು ಹೆಜ್ಜೇನು ಹುಟ್ಟುಗಳು ಒಟ್ಟಿಗೆ ಬಂದು ಕಟ್ಟುವುದು ಹೆಸರಾಗಿದೆ. ಪಂಜಿನಿಂದ ಸುಡುವುದು ಕ್ರೌರ್ಯ ಮಾತ್ರವಲ್ಲ, ದಡ್ಡತನವೂ ಹೌದು. ಹೆಜ್ಜೇನಿನ ಎರಿಯಲ್ಲಿ ತುಪ್ಪವಿರುವುದು ಕೊಂಬೆಗೆ ಅಂಟಿದ ಮೇಲ್ಭಾಗದ ಒಂದು ಮೂಲೆಯಲ್ಲಿ. ಹೊಗೆ ಹಾಕಿ, ಮೈ ತುಂಬ ಬಟ್ಟೆ ತೊಟ್ಟು, ಅಷ್ಟನ್ನೇ ಕತ್ತರಿಸಿ ಮರಿಯ ಭಾಗ ಬಿಟ್ಟರೆ ಆ ಹಿಂಡು ಬದುಕುತ್ತದೆ.

"ಸುಟ್ಟವರ ಮೇಲೆ ಕೋಪ ಬರುತ್ತೆ. ಆದರೆ ಅವರಿಗೆ ಹೇಳಿಕೊಟ್ಟವರು ಯಾರಿದ್ದರು?" ಎಂದರು ಹಿರಿಯರು. ಅದು ಅವರು ತಮ್ಮ ಓರಗೆಯವರ ಪರವಾಗಿ ಆಡಿದ ಮಾತಿರಬೇಕು.

ಆಕೆ ಈಗ ಮೇಲ್ಕೋಣೆಯ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದಳು. ಮೇಣದ ಬಿಳಿ ಮುಚ್ಚಳ ಬಿದ್ದ ಎರಿ ಬೇರೆ, ಬಾಯಿ ತೆರೆದ ಎರಿ ಬೇರೆ. ಮುಚ್ಚಳ ಬಿದ್ದಿದೆ ಎಂದರೆ ತುಪ್ಪ ಮಾಗಿದೆ ಎಂದು. ಹೂವಿನಿಂದ ಬರುವಾಗ ಮಕರಂದ ಬಹುಪಾಲು ನೀರು. ನೊಣದಿಂದ ನೊಣಕ್ಕೆ, ಬಾಯಿಂದ ಬಾಯಿಗೆ ಸಾಗುತ್ತ, ಕಿಣ್ವ ಬೆರೆಯುತ್ತ, ರೆಕ್ಕೆಯ ಗಾಳಿಗೆ ಆರುತ್ತ ಅದು ಗಟ್ಟಿಯಾಗುತ್ತದೆ. ನೀರಿನಂಶ ಶೇಕಡಾ 20ಕ್ಕಿಂತ ಕೆಳಗಿಳಿದರೆ ಹುಳಿಯದೆ ವರ್ಷಗಟ್ಟಲೆ ನಿಲ್ಲುತ್ತದೆ. ಒಂದು ಕೆಲಸಗಾರ ನೊಣ ಬದುಕಿಡೀ ದುಡಿದು ಕೂಡಿಸುವುದು ಚಮಚದ ಹನ್ನೆರಡರಲ್ಲಿ ಒಂದು ಪಾಲು. ಏಳು ಚೌಕಟ್ಟಿನಲ್ಲಿ ಆಕೆ ನಾಲ್ಕನ್ನು ಆರಿಸಿದಳು. ಮೂರನ್ನು ಇದ್ದ ಹಾಗೇ ಇಳಿಸಿದಳು.

"ಪುಸ್ತಕದಲ್ಲಿ ಬರ ಬಂದಾಗ ಸಕ್ಕರೆ ಪಾಕ ಕೊಡಿ ಅಂತ ಇರುತ್ತಲ್ಲ" ಎಂದು ಯುವಕ ಕೊನೆಯ ವಾದ ಹೂಡಿದ. "ತುಪ್ಪ ಎಲ್ಲಾ ತೆಗೆದು ಪಾಕ ಇಟ್ಟರೆ ಆಯ್ತಲ್ಲ?"

"ನಾನೂ ಕೊಡ್ತೀನಿ. ಆಷಾಢದಲ್ಲಿ ತೀರಾ ಸೊರಗಿದ ಪೆಟ್ಟಿಗೆಗೆ ಒಂದಕ್ಕೊಂದು ಸಮ ಸಕ್ಕರೆ ನೀರು. ಅದು ಜ್ವರ ಬಂದೋರಿಗೆ ಗಂಜಿ ಕೊಟ್ಟ ಹಾಗೆ. ದಿನಾ ಗಂಜಿ ಕುಡಿಸಿ ಅವರ ಪಾಲಿನ ಮುದ್ದೆ ನಾವು ಉಣ್ಣೋದು ನ್ಯಾಯವಾ? ಸೊರಗಿದ ಪೆಟ್ಟಿಗೆಗೆ ಮೇಣದ ಪತಂಗ ಬೀಳ್ತೈತೆ, ರೋಗ ಬೀಳ್ತೈತೆ."

ರೋಗ ಎಂಬ ಮಾತು ತುಡುವೆ ಸಾಕುವವರ ನಾಲಿಗೆಯಲ್ಲಿ ಹಗುರಾಗಿ ಬರುವುದಿಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆಗೆ ತಗುಲಿ, ಹತ್ತರಲ್ಲಿ ಒಂಬತ್ತರಷ್ಟು ಕುಟುಂಬಗಳು ಅಳಿದವು. ಮರಿಹುಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿತ್ತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಮನೆಯ ಹಿತ್ತಿಲಿನಿಂದ ಜೇನುಪೆಟ್ಟಿಗೆ ಅಟ್ಟಕ್ಕೆ ಏರಿದ್ದು ಆಗಲೇ. ಉಳಿದ ಒಂದು ಪಾಲಿನಿಂದ, ಕಾಡಿನಿಂದ ಹಿಡಿದು ತಂದ ಹೊಸ ಹಿಂಡುಗಳಿಂದ, ಸಾಕಣೆ ಮತ್ತೆ ಚಿಗುರಿತು. ವರ್ಷಕ್ಕೆ 25 ಕಿಲೋ ಮೀರಿ ತುಪ್ಪ ಕೊಡಬಲ್ಲ ಮೆಲ್ಲಿಫೆರಾ ಜೇನು ಪೆಟ್ಟಿಗೆಯೂ ಬಯಲು ಸೀಮೆಯಲ್ಲಿ ಕಾಲೂರಿದೆ. ತುಡುವೆ ಅದರ ಕಾಲು ಪಾಲು ಕೊಟ್ಟರೆ ಹೆಚ್ಚು. ಆದರೂ ಆಕೆ ತುಡುವೆಯನ್ನೇ ಹಿಡಿದಿದ್ದಾಳೆ. "ಇದು ಇಲ್ಲೀದು" ಎನ್ನುವುದಷ್ಟೇ ಅವಳು ಕೊಡುವ ಕಾರಣ.

ತುಪ್ಪ ತೆಗೆಯುವ ಡ್ರಮ್ಮು ಮರದ ಬುಡದಲ್ಲಿತ್ತು. ಮುಚ್ಚಳದ ಮೇಣವನ್ನು ಚಾಕುವಿನಿಂದ ಸವರಿ ತೆಗೆದು, ಎರಿಗಳನ್ನು ಒಳಗಿಟ್ಟು, ಹಿಡಿ ತಿರುಗಿಸುವ ಕೆಲಸವನ್ನು ಹಿರಿಯರಿಗೆ ಕೊಟ್ಟಳು. ಅವರು ಮೆಲ್ಲಗೆ, ಒಂದೇ ಸಮನೆ ತಿರುಗಿಸಿದರು. ತಗಡಿನ ಗೋಡೆಗೆ ಸಣ್ಣ ಹನಿಗಳು ಬಡಿಯುವ ಸದ್ದು ಮಳೆಯ ಸದ್ದಿನಂತೆಯೇ ಕೇಳಿತು. ಯುವಕ ಒಮ್ಮೆ ಆಕಾಶ ನೋಡಿದ.

"ನಿಜವಾದ ತುಪ್ಪ ಅಂತ ಗೊತ್ತಾಗೋದು ಹೇಗೆ? ನೀರಿಗೆ ಹಾಕಿದ್ರೆ ತಳಕ್ಕೆ ಕೂರಬೇಕು ಅಂತಾರೆ. ಬತ್ತಿ ಅದ್ದಿ ಹಚ್ಚಿದ್ರೆ ಉರೀಬೇಕು ಅಂತಾರೆ."

"ಗಟ್ಟಿ ಪಾಕವೂ ತಳಕ್ಕೆ ಕೂರ್ತೈತೆ" ಎಂದಳು ಆಕೆ.

ಮನೆಯ ಯಾವ ಪರೀಕ್ಷೆಯೂ ನಂಬುವಂಥದ್ದಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ 22 ಮಾದರಿ ಪರೀಕ್ಷಿಸಿದಾಗ ಎಲ್ಲ ಪರೀಕ್ಷೆ ದಾಟಿದವು ಐದೇ. ಮಾಮೂಲಿ ಪರೀಕ್ಷೆಗಳಿಗೆ ಸಿಗದಂತೆಯೇ ತಯಾರಾದ ಸಕ್ಕರೆ ಪಾಕಗಳು ಪೇಟೆಯಲ್ಲಿವೆ ಎಂಬುದು ಆಗ ಬಯಲಾಯಿತು. ಇನ್ನೊಂದು ಕಡೆ, ಚಳಿಗೆ ಹರಳುಗಟ್ಟಿದ ಒಳ್ಳೆಯ ತುಪ್ಪವನ್ನು ಸಕ್ಕರೆ ಬೆರೆಸಿದ್ದು ಎಂದು ಜನ ಚೆಲ್ಲುತ್ತಾರೆ. ಗ್ಲೂಕೋಸ್ ಹೆಚ್ಚಿರುವ ತುಪ್ಪ ಹರಳಾಗುವುದು ಸಹಜ ಗುಣ. ಹುಚ್ಚೆಳ್ಳಿನ ತುಪ್ಪ ಬೇಗ ಹರಳಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಪೆಟ್ಟಿಗೆಯನ್ನೂ ಸಾಕುವವರನ್ನೂ ಕಣ್ಣಾರೆ ಕಂಡು ಕೊಳ್ಳುವುದಕ್ಕಿಂತ ಒಳ್ಳೆಯ ಪರೀಕ್ಷೆ ಸಾಮಾನ್ಯರ ಕೈಯಲ್ಲಿ ಇನ್ನೊಂದಿಲ್ಲ.

"ಎರಡನೇ ಬಾಟ್ಲಿ ಯಾರಿಗೆ ತಂದಿದ್ದೆ?" ಆಕೆ ಕೇಳಿದಳು.

"ಮಗಳಿಗೆ. ಎಂಟು ತಿಂಗಳು. ದಿನಾ ಒಂದು ಬೆರಳು ನೆಕ್ಕಿಸಿದ್ರೆ ಮಾತು ಬೇಗ ಬರುತ್ತೆ ಅಂತ ಅಮ್ಮ..."

"ಬೇಡ!" ಆಕೆ ಚಾಕು ಕೆಳಗಿಟ್ಟಳು. "ವರ್ಷ ತುಂಬೋವರೆಗೂ ಮಗು ಬಾಯಿಗೆ ತುಪ್ಪ ಹಾಕ್ಬೇಡ. ಎಷ್ಟೇ ಶುದ್ಧ ಇರಲಿ."

ಶುದ್ಧ ತುಪ್ಪದಲ್ಲೂ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಕರುಳು ಅದನ್ನು ಬೆಳೆಯಗೊಡುವುದಿಲ್ಲ, ಒಂದು ವರ್ಷದೊಳಗಿನ ಕೂಸಿನ ಕರುಳಿಗೆ ಆ ಶಕ್ತಿ ಬಂದಿರುವುದಿಲ್ಲ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿ ಎಷ್ಟು ಪ್ರೀತಿಯಿಂದ ಬಂದದ್ದಾದರೂ ಬಿಡಬೇಕಾದದ್ದೇ. ಯುವಕ ಏನೂ ಹೇಳದೆ ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ.

ಆಮೇಲೆ ಹಲಸಿನ ಹಣ್ಣು ಬಂತು. ಬೇಸಿಗೆಯ ಕೊನೆಗೆ ಜೇನುತುಪ್ಪದ ರುಚಿ ನೋಡಬೇಕಾದರೆ ಹಲಸಿನ ತೊಳೆಗಿಂತ ಒಳ್ಳೆಯ ಜೊತೆ ಕನ್ನಡ ನಾಡಿನಲ್ಲಿ ಇನ್ನೊಂದಿಲ್ಲ. ಎರಡೂ ಸಿಹಿ, ಆದರೆ ಸಿಹಿಯ ದಾರಿ ಬೇರೆ. ತೊಳೆಯ ಸಿಹಿ ಮೂಗಿನಿಂದ ಶುರುವಾಗುತ್ತದೆ. ಈ ತುಪ್ಪದ ಸಿಹಿ ನಾಲಿಗೆ ದಾಟಿದ ಮೇಲೆ ಗಂಟಲಲ್ಲಿ ಒಂದು ಸಣ್ಣ ಒಗರಾಗಿ ನಿಲ್ಲುತ್ತದೆ. ಕಡು ಕಂದು ಬಣ್ಣ, ಹೊಂಗೆ ಮತ್ತು ಬೇವಿನ ಹಂಗಾಮಿನದು ಎಂದು ಆಕೆ ಹೇಳಿದಳು. ಕೊನೆಗೆ ತೆಗೆದ ಎರಿಯ ಮೂಲೆಯಲ್ಲಿ ಸ್ವಲ್ಪ ತಿಳಿ ಬಣ್ಣದ್ದೂ ಇತ್ತು, ಹುಳಿಯ ನೆನಪಿನಂಥ ರುಚಿ. "ಅದು ಈ ವಾರದ ಹುಣಸೆ" ಎಂದಳು.

ಹಿರಿಯರು ಮೇಣದ ಚೂರೊಂದನ್ನು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರು.

ಹೊರಡುವಾಗ ಯುವಕ ದುಡ್ಡು ಕೊಟ್ಟು, ಬಾಟಲಿ ಕಟ್ಟಿಕೊಂಡು, ತೋಟಗಾರಿಕೆ ಇಲಾಖೆಯಲ್ಲಿ ಪೆಟ್ಟಿಗೆಗೆ ಸಹಾಯಧನ ಸಿಗುವ ಬಗ್ಗೆ ಕೇಳಿದ. ಸಿಗ್ತೈತೆ, ತರಬೇತಿಯೂ ಸಿಗ್ತೈತೆ, ಆದರೆ ಮೊದಲು ಎಣಿಕೆ ಎಂದು ಆಕೆ ಮತ್ತೆ ನೆನಪಿಸಿದಳು. ಪೆಟ್ಟಿಗೆ ಇಡುವುದಾದರೆ ಈಗ ಬೇಡ, ಮಳೆ ಕಳೆದು ಹುಚ್ಚೆಳ್ಳು ಅರಳುವಾಗ ಇಡು ಎಂದಳು. ಹಿರಿಯರು ನಿಲುವಿನ ಕಾಲುಗಳ ಬಟ್ಟಲುಗಳಲ್ಲಿ ನೀರು ತಗ್ಗಿದ್ದನ್ನು ಕಂಡು, ಕೇಳದೆಯೇ ತಂಬಿಗೆ ತೆಗೆದುಕೊಂಡು ನಾಲ್ಕನ್ನೂ ತುಂಬಿಸಿದರು.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಸಿಕ್ಕಿತು. ಕೋರಮಂಡಲ್ ದಾಟಿದ ಮೇಲೆ ಸೈನೈಡ್ ಗುಡ್ಡಗಳು ಕಿಟಕಿಗೆ ಬಂದವು. ಶತಮಾನಕ್ಕೂ ಹೆಚ್ಚು ಕಾಲ ಅದಿರು ಅರೆದು ಸುರಿದ ಬೂದು ಮಣ್ಣು, ಗಾಳಿ ಬೀಸಿದರೆ ಧೂಳೆದ್ದು ಮನೆಯೊಳಗೆ ಬರುವಂಥದ್ದು. ಅದರ ಮೇಲೆ ಹೂ ಬಿಡುವ ಮರ ಅಪರೂಪ. ಹಿರಿಯರು ಆ ಕಡೆ ನೋಡಲಿಲ್ಲ. ಊರಿಗಾಂನಲ್ಲಿ ಇಳಿದು ಮನೆಯ ದಾರಿ ಹಿಡಿದ ಮೇಲೆ ಎಣಿಸಲು ಶುರು ಮಾಡಿದರು. ಹೊಂಗೆ ಒಂದು ಬೆರಳಿನಲ್ಲಿ, ಬೇವು ಇನ್ನೊಂದು ಬೆರಳಿನಲ್ಲಿ. ಎಣಿಕೆ ಹತ್ತೊಂಬತ್ತಕ್ಕೆ ಬಂದಿದ್ದಾಗ, ಕಾಂಪೌಂಡ್ ಗೋಡೆಯೊಳಗೆ ನಿಂತು ಅರ್ಧ ಕೊಂಬೆಯನ್ನು ರಸ್ತೆಗೆ ಚಾಚಿದ್ದ ಹುಣಸೆಯ ಕೆಳಗೆ ನಿಂತರು. ಇದನ್ನು ಸೇರಿಸಬಹುದಾ ಎಂದು ಮಗನನ್ನು ಕೇಳಿದರು.